ಕನ್ನಡಕಕ್ಕೆ ಕೋಟಿಂಗ್ ಇದೆಯಾ? ಅಂಗಡಿಯಲ್ಲೇ ನೋಡಿಕೊಳ್ಳಿ

ಲೆನ್ಸ್ ಮೇಲಿನ ಪ್ರತಿಫಲನ ತಗ್ಗಿಸುವ ಆಂಟಿ-ಗ್ಲೇರ್ ಕೋಟಿಂಗ್‌ಗೆ ಅಂತ ಜಾಸ್ತಿ ದುಡ್ಡು ಕೊಡ್ತೀರಿ, ಅಲ್ವಾ? ನನ್ನ ಅಂಗಡಿಗೆ ಬಂದವರಿಗೆ ನಾನು ತೋರಿಸುವುದು ಹೀಗೆ.

ಟ್ಯೂಬ್‌ಲೈಟ್ ಕೆಳಗೆ ನಿಂತು ಲೆನ್ಸ್ ಹಿಂದೆ ಕಪ್ಪು ಬಟ್ಟೆ ಹಿಡಿಯಿರಿ. ಲೆನ್ಸನ್ನು ನಿಧಾನವಾಗಿ ಓರೆ ಮಾಡುತ್ತಾ ಟ್ಯೂಬಿನ ಪ್ರತಿಬಿಂಬ ನೋಡಿ. ಬೆಳ್ಳಗೆ ಫಳಫಳ ಹೊಳೆದರೆ ಕೋಟಿಂಗ್ ಇಲ್ಲ. ಮಂಕಾಗಿ ಹಸಿರೋ ನೇರಳೆಯೋ ಕಂಡರೆ ಇದೆ. ಓರೆ ಹೆಚ್ಚಿದಂತೆ ಬಣ್ಣ ಬದಲಾಗುತ್ತದೆ. ಅದು ದೋಷವಲ್ಲ. ಲೆನ್ಸ್ ತಿರುಗಿಸಿ ಒಳಮೈಯನ್ನೂ ನೋಡಿ.

ಬರೀ ಗಾಜಿನ ಒಂದೊಂದು ಮೈಯೂ ಸುಮಾರು ಶೇ. 4ರಷ್ಟು ಬೆಳಕನ್ನು ವಾಪಸ್ ಕಳಿಸುತ್ತದೆ. ಕೋಟಿಂಗ್ ಹಾಕಿದರೆ ಆ ಪದರದ ಮೇಲಿಂದ ವಾಪಸ್ ಬಂದ ಬೆಳಕಿನ ಅಲೆಯ ಉಬ್ಬು, ತಳದಿಂದ ಬಂದ ಅಲೆಯ ತಗ್ಗಿಗೆ ಸೇರಿ ಎರಡೂ ಅಳಿಯುತ್ತವೆ. ಹಸಿರು ಬೆಳಕಿನ ಅಲೆಯುದ್ದ ಸುಮಾರು 550 ನ್ಯಾನೋಮೀಟರ್ (ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲೇ ನ್ಯಾನೋಮೀಟರ್). ಅದನ್ನು ತಗ್ಗಿಸಲು ಗಾಜಿನ ಮೇಲೆ ಸುಮಾರು 100 ನ್ಯಾನೋಮೀಟರ್ ದಪ್ಪದ ಮೆಗ್ನೀಸಿಯಂ ಫ್ಲೋರೈಡ್ ಎಂಬ ಪಾರದರ್ಶಕ ವಸ್ತುವಿನ ಪದರ ಸಾಕು. ಪ್ರತಿಬಿಂಬದಲ್ಲಿ ಹಸಿರು ಹೋದ ಮೇಲೆ ಉಳಿಯುವುದು ಕೆಂಪು, ನೀಲಿ. ಅದಕ್ಕೇ ಆ ನೇರಳೆ ಛಾಯೆ. ಈಗಿನ ಲೆನ್ಸ್‌ಗಳಲ್ಲಿ ಹಲವು ಪದರಗಳಿರುತ್ತವೆ. ಹಾಗಾಗಿ ಹಸಿರು ಛಾಯೆಯೂ ಬರುತ್ತದೆ.

ಒರೆಸುವ ಮೊದಲು ತಣ್ಣೀರಲ್ಲಿ ತೊಳೆಯಿರಿ. ಸುಮ್ನೆ ಅಂಗಿ ತುದಿಯಲ್ಲಿ ಉಜ್ಜಬೇಡಿ, ಧೂಳು ಗೀರುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೂ ಬಿಡಬೇಡಿ. ಪ್ಲಾಸ್ಟಿಕ್ ಲೆನ್ಸ್ ಬಿಸಿಗೆ ಹಿಗ್ಗಿ, ಕೋಟಿಂಗ್ ಸಣ್ಣಗೆ ಬಿರುಕು ಬಿಡುತ್ತದೆ.