ಎದೆ ಬಿಗಿದಾಗ ಕುರ್‌ಆನ್ ಎಲ್ಲಿಂದ ಓದಬೇಕು?

ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ. ಯಾವ ಸದ್ದೂ ಆಗಿಲ್ಲ, ಕನಸೂ ನೆನಪಿಲ್ಲ. ಎದೆ ಮಾತ್ರ ಓಡಿ ಬಂದವರ ಹಾಗೆ ಹೊಡೆದುಕೊಳ್ಳುತ್ತಿರುತ್ತದೆ. ಕೈ ತಾನಾಗಿ ಮೊಬೈಲ್ ಹುಡುಕುತ್ತದೆ. ಅರ್ಧ ಗಂಟೆ ಬಿಟ್ಟು ಅದನ್ನು ಕೆಳಗಿಡುವಾಗ ಭಯ ಇನ್ನಷ್ಟು ಬಲಿತಿರುತ್ತದೆ.

ಇಂಥ ಕೆಲವು ತಿಂಗಳು ನಾನೂ ಕಳೆದಿದ್ದೇನೆ. ಹತ್ತಿರದವರೊಬ್ಬರಿಗೆ ಹೇಳಿಕೊಂಡೆ. "ನಿನ್ನ ಈಮಾನ್ (ವಿಶ್ವಾಸ) ಕಮ್ಮಿ ಆಗಿದೆ, ಕುರ್‌ಆನ್ ಓದು, ಎಲ್ಲ ಸರಿ ಹೋಗುತ್ತೆ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅವತ್ತಿನವರೆಗೆ ನನಗಿದ್ದದ್ದು ಬರೀ ಭಯ. ಆಮೇಲೆ ಅದರ ಜೊತೆ ನಾಚಿಕೆಯೂ ಸೇರಿಕೊಂಡಿತು. ಎಲ್ಲಿಂದ ಓದಬೇಕು, ಎಷ್ಟು ಓದಬೇಕು, ಹೇಗೆ ಓದಬೇಕು ಅಂತ ಅವರು ಹೇಳಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಆಲಿಮ್ (ಧರ್ಮ ವಿದ್ವಾಂಸ) ಅಲ್ಲ, ಡಾಕ್ಟರೂ ಅಲ್ಲ. ಓದಿಕೊಂಡದ್ದು, ಮಾಡಿ ನೋಡಿದ್ದು, ಅಷ್ಟೇ.

ಮೊದಲು ಆ ನಾಚಿಕೆ ಬಿಡಿ

ಇದನ್ನು ದಾಟದಿದ್ದರೆ ಮುಂದಿನದು ಯಾವುದೂ ಕೈಗೆ ಹತ್ತುವುದಿಲ್ಲ. ಭಯಪಟ್ಟವರ ಈಮಾನ್ ಕಮ್ಮಿ ಅಂತ ಕುರ್‌ಆನ್ ಹೇಳುವುದಿಲ್ಲ. ಭಯಪಟ್ಟವರ ಕಥೆಗಳನ್ನೇ ಅದು ನಮ್ಮ ಮುಂದಿಡುತ್ತದೆ.

ಫಿರ್‌ಔನನ (ಈಜಿಪ್ಟಿನ ದೊರೆಯ) ಹತ್ತಿರ ಹೋಗು ಎಂಬ ಅಪ್ಪಣೆ ಬಂದಾಗ ಪ್ರವಾದಿ ಮೂಸಾ (ಅ: ಅವರ ಮೇಲೆ ಶಾಂತಿ ಇರಲಿ) ಏನೆಂದರು ನೋಡಿ: "ನನ್ನ ಎದೆ ಬಿಗಿಯುತ್ತದೆ, ನನ್ನ ನಾಲಿಗೆ ಓಡುವುದಿಲ್ಲ" (26:13, ಅಂದರೆ 26ನೇ ಸೂರಾ ಅಥವಾ ಅಧ್ಯಾಯದ 13ನೇ ವಚನ). ಒಮ್ಮೆಯಾದರೂ ಆತಂಕದ ಹೊಡೆತ ತಿಂದವರಿಗೆ ಈ ಮಾತು ಥಟ್ಟನೆ ಗುರುತು ಸಿಗುತ್ತದೆ. ಅದಕ್ಕೆ ಗದರಿಕೆ ಬಂತೇ? ಇಲ್ಲ. ಜೊತೆಗೆ ಸೋದರ ಹಾರೂನ್ ಬೇಕು ಅಂದರು, ಸಿಕ್ಕರು. "ಹೆದರಬೇಡಿ, ನಾನು ನಿಮ್ಮಿಬ್ಬರ ಜೊತೆಗಿದ್ದೇನೆ, ಕೇಳುತ್ತಿದ್ದೇನೆ, ನೋಡುತ್ತಿದ್ದೇನೆ" (20:46) ಎಂಬ ಮಾತೂ ಸಿಕ್ಕಿತು. ಕೂಸನ್ನು ನದಿಗೆ ಬಿಟ್ಟ ಮೂಸಾರ ತಾಯಿಯ ಹೃದಯ "ಬರಿದಾಗಿ ಹೋಯಿತು" ಅನ್ನುತ್ತದೆ 28ನೇ ಸೂರಾ. ಕಾಣೆಯಾದ ಮಗನಿಗಾಗಿ ಕೊರಗಿ ಕೊರಗಿ ಪ್ರವಾದಿ ಯಾಕೂಬರ (ಅ) ಕಣ್ಣುಗಳೇ ಬೆಳ್ಳಗಾದವು. ಅವರು ಅಳು ನುಂಗಲಿಲ್ಲ. "ನನ್ನ ಸಂಕಟ, ದುಃಖವನ್ನು ಅಲ್ಲಾಹನಲ್ಲಿ ತೋಡಿಕೊಳ್ಳುತ್ತೇನೆ" (12:86) ಅಂದರು.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಈಸಾರ (ಯೇಸುವಿನ) ತಾಯಿ ಮರ್ಯಮ್ ಪ್ರಸಂಗ. ಹೆರಿಗೆ ನೋವು, ಒಂಟಿತನ, ಜನ ಏನಂದಾರು ಎಂಬ ಭಯ. "ಇದಕ್ಕೆ ಮೊದಲೇ ನಾನು ಸತ್ತು ಹೋಗಿದ್ದರೆ ಚೆನ್ನಾಗಿತ್ತು" ಅಂದುಬಿಟ್ಟರು. ಆಗ ಕೇಳಿದ ದನಿ ಉಪದೇಶ ಮಾಡಲಿಲ್ಲ. ದುಃಖಿಸಬೇಡ, ನಿನ್ನ ಕೆಳಗೆ ನೀರಿದೆ, ಖರ್ಜೂರದ ಮರ ಅಲುಗಾಡಿಸು, ತಿನ್ನು, ಕುಡಿ, ಕಣ್ಣು ತಂಪು ಮಾಡಿಕೋ (19:24–26). ಅಷ್ಟೇ ಅಲ್ಲ, ಯಾರಾದರೂ ಎದುರಾದರೆ ಇವತ್ತು ಮಾತಾಡುವುದಿಲ್ಲ ಎಂದು ತಿಳಿಸಿಬಿಡು ಅಂತಲೂ ಹೇಳಿತು. ಎಲ್ಲರಿಗೂ ವಿವರಣೆ ಕೊಡುತ್ತಾ ಕೂರಬೇಕಾಗಿಲ್ಲ, ಅಲ್ವಾ? ಹೊಟ್ಟೆಗೆ ಏನಾದರೂ ಹೋಗಲಿ, ಜನರಿಂದ ಒಂದು ದಿನ ಬಿಡುವು ಸಿಗಲಿ. ನಾನೂ ಅಲ್ಲಿಂದಲೇ ಶುರು ಮಾಡಿದೆ.

ಆಮೇಲೆ ಮೈಯನ್ನು ಹಿಡಿತಕ್ಕೆ ತನ್ನಿ

ಎದೆ ಹೊಡೆದುಕೊಳ್ಳುವಾಗ ತಲೆಗೆ ತರ್ಕ ಹತ್ತುವುದಿಲ್ಲ. ಆಗ ಪುಸ್ತಕ ಬಿಡಿಸಿದರೆ ಅದೇ ಸಾಲಿನ ಮೇಲೆ ಕಣ್ಣು ಹತ್ತು ಸಲ ಓಡುತ್ತದೆ, ಒಳಗೆ ಏನೂ ಇಳಿಯುವುದಿಲ್ಲ. ಎದ್ದು ವುಝೂ (ನಮಾಝಿಗೆ ಮುಂಚೆ ಮುಖ, ಕೈಕಾಲು ತೊಳೆಯುವುದು) ಮಾಡಿ. ನೀರು ಮೊಣಕೈವರೆಗೆ ಇಳಿಯುವುದನ್ನು ಗಮನಿಸಿ. ಗಡಿಬಿಡಿ ಬೇಡ. ಆಮೇಲೆ ಎರಡು ರಕಅತ್ (ಸುತ್ತು) ನಮಾಝ್.

ನಮಾಝಿನ ಹೊತ್ತಾದಾಗ ಪ್ರವಾದಿ ಮುಹಮ್ಮದ್ (ಸ: ಅವರ ಮೇಲೆ ಅಲ್ಲಾಹನ ಕೃಪೆ, ಶಾಂತಿ ಇರಲಿ) ಬಾಂಗು ಕೂಗುತ್ತಿದ್ದ ಬಿಲಾಲ್‌ರಿಗೆ "ನಮಾಝಿನಿಂದ ನಮಗೆ ನೆಮ್ಮದಿ ಕೊಡಿ ಬಿಲಾಲ್" ಅನ್ನುತ್ತಿದ್ದರು ಎಂದು ಅಬೂದಾವೂದ್ ಎಂಬ ಹದೀಸ್ (ಪ್ರವಾದಿಯವರ ನುಡಿ, ನಡೆಯ ವರದಿ) ಸಂಗ್ರಹದಲ್ಲಿದೆ. ಅದನ್ನು ಮುಗಿಸಿ ಕೈ ತೊಳೆದುಕೊಳ್ಳುವ ಕೆಲಸ ಅಂದುಕೊಂಡರೆ ನೆಮ್ಮದಿ ಎಲ್ಲಿಂದ ಬಂದೀತು? ಒಬ್ಬರು ಅವಸರದಲ್ಲಿ ನಮಾಝ್ ಮಾಡಿ ಬಂದರು. "ಹೋಗಿ ಮತ್ತೆ ಮಾಡಿ, ನೀವು ನಮಾಝ್ ಮಾಡಿಯೇ ಇಲ್ಲ" ಎಂದು ಪ್ರವಾದಿಯವರು ತಿರುಗಿ ಕಳಿಸಿದರು. ಕೊನೆಗೆ ಕಲಿಸಿದ್ದು ಇಷ್ಟು: ರುಕೂಉವಿನಲ್ಲಿ (ಬಾಗಿ ನಿಂತಾಗ) ಮೈ ನೆಮ್ಮದಿಗೆ ಬರುವವರೆಗೆ ಇರಿ, ಸಜ್ದಾದಲ್ಲಿ (ಹಣೆ ನೆಲಕ್ಕಿಟ್ಟಾಗ) ನೆಮ್ಮದಿಗೆ ಬರುವವರೆಗೆ ಇರಿ.

ಅಲ್ಲಿ ಬಳಸಿದ ಅರಬಿ ಪದ 'ತತ್ಮಇನ್ನ'. "ತಿಳಿಯಿರಿ, ಅಲ್ಲಾಹನ ಸ್ಮರಣೆಯಿಂದ ಹೃದಯಗಳು ನೆಮ್ಮದಿ ಪಡೆಯುತ್ತವೆ" ಎಂಬ 13:28ರ ವಚನ ಎಲ್ಲರಿಗೂ ಗೊತ್ತು. ಅಲ್ಲಿರುವುದೂ ಅದೇ ಪದ. ಹೃದಯದ ನೆಮ್ಮದಿಗೂ ಬಾಗಿದ ಬೆನ್ನಿನ ನಿಶ್ಚಲತೆಗೂ ಒಂದೇ ಮಾತು. ಇದು ಗೊತ್ತಾದ ಮೇಲೆ ನಾನು ನಮಾಝ್ ಮಾಡುವ ರೀತಿಯೇ ಬದಲಾಯಿತು.

ಸಜ್ದಾದಲ್ಲಿ ಹೀಗೆ ಮಾಡಿ ನೋಡಿ. ಏಳು ಕಡೆ ಮೈ ನೆಲಕ್ಕೆ ತಾಗಬೇಕು ಎಂದು ಹದೀಸ್ ಹೇಳುತ್ತದೆ: ಮೂಗಿನ ಸಮೇತ ಹಣೆ, ಎರಡು ಅಂಗೈ, ಎರಡು ಮಂಡಿ, ಎರಡು ಪಾದದ ಬೆರಳುಗಳು. ಒಂದೊಂದನ್ನೇ ಮನಸ್ಸಿನಲ್ಲಿ ಮುಟ್ಟಿ ಬನ್ನಿ. ಜಾನಮಾಝಿನ (ನಮಾಝ್ ಮಾಡುವ ಹಾಸಿನ) ನೂಲಿನ ಗೆರೆ ಹಣೆಗೆ ಒತ್ತುವುದು ಗೊತ್ತಾಗುತ್ತದೆ. ಕಿವಿಯಲ್ಲಿ ನಿಮ್ಮದೇ ಎದೆಬಡಿತ ಕೇಳುತ್ತದೆ. ಕೇಳಲಿ ಬಿಡಿ. "ಸುಬ್‌ಹಾನ ರಬ್ಬಿಯಲ್ ಅಅಲಾ" (ಅತ್ಯುನ್ನತನಾದ ನನ್ನ ಪ್ರಭು ಪರಿಶುದ್ಧನು) ಎಂದು ಉಸಿರು ಬಿಡುತ್ತಾ ನಿಧಾನ ಹೇಳಿ. ಮೂರು ಸಾಲದಿದ್ದರೆ ಐದು, ಏಳು. ದಿನದ ಐದು ಹೊತ್ತಿನ ಫರ್ಝ್ (ಕಡ್ಡಾಯ ನಮಾಝ್) ಸೇರಿದರೆ 17 ರಕಅತ್, ಅಂದರೆ 34 ಸಜ್ದಾ. ಅಷ್ಟರಲ್ಲಿ ಎರಡು ಮೂರಾದರೂ ಹೀಗೆ ಆದರೆ ನನಗೆ ಸಾಕು ಅನ್ನಿಸುತ್ತದೆ.

ಓದುವುದು ಸ್ವಲ್ಪ, ಅರ್ಥವಾಗುವ ಭಾಷೆಯಲ್ಲಿ

ಭಯದ ದಿನಗಳಲ್ಲಿ ಇಡೀ ಕುರ್‌ಆನ್ ಓದಿ ಮುಗಿಸುತ್ತೇನೆ ಎಂದು ಹೊರಡಬೇಡಿ. ಎರಡು ದಿನ ತಪ್ಪಿದರೆ ಅದೂ ಒಂದು ಚಿಂತೆಯಾಗುತ್ತದೆ. ಕಡಿಮೆಯಾದರೂ ಬಿಡದೆ ಮಾಡುವ ಕೆಲಸವೇ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂಬ ಹದೀಸ್ ಬುಖಾರಿ, ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿ ಇದೆ. 93 ಮತ್ತು 94ನೇ ಸೂರಾ ಹಿಡಿಯಿರಿ. ಎರಡೂ ಸೇರಿ 19 ವಚನ. ಒಮ್ಮೆ ಅರಬಿಯಲ್ಲಿ, ಒಮ್ಮೆ ಅರ್ಥ, ಮತ್ತೆ ಅರಬಿ.

93, ಅದ್ದುಹಾ. ಪ್ರವಾದಿಯವರಿಗೆ ವಹೀ (ಅಲ್ಲಾಹನ ಸಂದೇಶ) ಬರುವುದು ಕೆಲಕಾಲ ನಿಂತಿತ್ತು. ನಿನ್ನ ದೇವರು ನಿನ್ನನ್ನು ಬಿಟ್ಟುಬಿಟ್ಟ ಎಂದು ವಿರೋಧಿಗಳು ಚುಚ್ಚಿದರು. ಆಗ ಬಂದ ಸೂರಾ ಇದು. "ನಿನ್ನ ಪ್ರಭು ನಿನ್ನ ಕೈಬಿಟ್ಟಿಲ್ಲ, ಮುನಿಸಿಕೊಂಡೂ ಇಲ್ಲ." ನಂತರ ಅದು ಹಳೆಯದನ್ನು ನೆನಪಿಸುತ್ತದೆ: ನೀನು ಅನಾಥನಾಗಿದ್ದೆ, ಅವನು ಆಸರೆ ಕೊಡಲಿಲ್ಲವೇ? ನಿಮ್ಮದೇ ಬದುಕಿನಲ್ಲಿ "ಇನ್ನು ಮುಗಿಯಿತು" ಅಂದುಕೊಂಡು ದಾಟಿದ ಮೂರು ಸಂದರ್ಭ ಬರೆದಿಡಿ. ನಾನು ಒಂದು ಚೀಟಿಯಲ್ಲಿ ಬರೆದು ಕುರ್‌ಆನ್ ಒಳಗೇ ಇಟ್ಟಿದ್ದೇನೆ.

94ರಲ್ಲಿ "ಕಷ್ಟದ ಜೊತೆಗೆ ಸುಲಭವಿದೆ" ಎಂಬ ಮಾತು ಎರಡು ಸಲ ಬರುತ್ತದೆ. 'ಕಷ್ಟದ ನಂತರ' ಅಂತ ನಾವು ಸುಮ್ನೆ ಓದಿಕೊಳ್ಳುತ್ತೇವೆ. ಆದರೆ ಮೂಲದಲ್ಲಿರುವ 'ಮಅ' ಎಂದರೆ ಜೊತೆಗೆ. ಎಂದೋ ಬರುವ ಒಳ್ಳೆಯ ಕಾಲದ ಮಾತಲ್ಲ ಇದು. ಕಷ್ಟ ಇದ್ದಾಗಲೇ ಪಕ್ಕದಲ್ಲಿ ಸಣ್ಣದಾಗಿ ಇರುವ ಸುಲಭ. ವ್ಯಾಖ್ಯಾನಕಾರರು ಇನ್ನೊಂದು ವಿಷಯ ತೋರಿಸುತ್ತಾರೆ. ಅರಬಿಯಲ್ಲಿ 'ಕಷ್ಟ'ಕ್ಕೆ ಎರಡೂ ಕಡೆ 'ಅಲ್' ('ಆ' ಎಂದು ಗೊತ್ತಾದದ್ದನ್ನು ತೋರಿಸುವ ಪದ) ಇದೆ, ಹಾಗಾಗಿ ಅದು ಅದೇ ಒಂದು ಕಷ್ಟ. 'ಸುಲಭ'ಕ್ಕೆ 'ಅಲ್' ಇಲ್ಲ, ಹಾಗಾಗಿ ಅವು ಬೇರೆ ಬೇರೆ. ಒಂದು ಕಷ್ಟಕ್ಕೆ ಎರಡು ಸುಲಭ! ಇವತ್ತಿನ ದಿನದಲ್ಲಿ ಆ ಎರಡು ಯಾವುವು ಅಂತ ಹುಡುಕಿ. ಒಬ್ಬರ ಫೋನ್ ಬಂದದ್ದು, ಒಂದು ತಾಸು ನಿದ್ದೆ ಹತ್ತಿದ್ದು ಕೂಡ ಲೆಕ್ಕಕ್ಕೆ ಬರುತ್ತದೆ.

ಚಿಂತೆಗೆ ಹೆಸರಿಡಿ

ಬುಖಾರಿಯಲ್ಲಿ ಪ್ರವಾದಿಯವರು ಮತ್ತೆ ಮತ್ತೆ ಕೇಳುತ್ತಿದ್ದ ಒಂದು ದುಆ (ಪ್ರಾರ್ಥನೆ) ಇದೆ. ಅದರಲ್ಲಿ ಎಂಟು ವಿಷಯಗಳಿಂದ ಅಲ್ಲಾಹನ ಆಸರೆ ಬೇಡುತ್ತಾರೆ: ಹಮ್ಮ್ ಮತ್ತು ಹಝನ್, ಕೈಲಾಗದಿರುವುದು ಮತ್ತು ಸೋಮಾರಿತನ, ಜಿಪುಣತನ ಮತ್ತು ಹೇಡಿತನ, ಸಾಲದ ಭಾರ ಮತ್ತು ಜನರ ದಬ್ಬಾಳಿಕೆ. ಹಮ್ಮ್ ಅಂದರೆ ಮುಂದೆ ಏನಾದೀತೋ ಎಂಬ ಚಿಂತೆ, ಹಝನ್ ಅಂದರೆ ಆಗಿಹೋದದ್ದರ ದುಃಖ ಎಂದು ವಿದ್ವಾಂಸರು ಬಿಡಿಸಿ ಹೇಳುತ್ತಾರೆ.

ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಕ್ಕೆ ಹಮ್ಮ್, ಬಲಕ್ಕೆ ಹಝನ್. ತಲೆಯಲ್ಲಿರುವುದನ್ನೆಲ್ಲ ಎರಡರಲ್ಲಿ ಒಂದು ಕಡೆ ಬರೆಯಿರಿ. ಬಲಗಡೆಯದನ್ನು ಬದಲಿಸಲು ಆಗುವುದಿಲ್ಲ. 'ಹಾಗೆ ಮಾಡಿದ್ದರೆ ಹೀಗಾಗುತ್ತಿತ್ತು' ಎಂಬ ಮಾತು ಸೈತಾನನಿಗೆ ಬಾಗಿಲು ತೆರೆಯುತ್ತದೆ ಎಂದು ಮುಸ್ಲಿಮ್ ಸಂಗ್ರಹದ ಹದೀಸ್ ಎಚ್ಚರಿಸುತ್ತದೆ. ಅವನ್ನು ದುಆದಲ್ಲಿ ಹೇಳಿಕೊಂಡು ಅಳು ಬಂದರೆ ಅತ್ತುಬಿಡಿ. ತಪ್ಪು ನಿಮ್ಮದಾಗಿದ್ದರೆ ತೌಬಾ (ಪಶ್ಚಾತ್ತಾಪ) ಇದೆ, ಯಾರಿಗಾದರೂ ನೋವು ಮಾಡಿದ್ದರೆ ಹೋಗಿ ಕ್ಷಮೆ ಕೇಳುವುದಿದೆ.

ಎಡಗಡೆಯ ಪಟ್ಟಿಗೆ ಕೆಲಸ ಜಾಸ್ತಿ. ಆ ದುಆದಲ್ಲಿ ಸಾಲವೂ ಇದೆ, ಮರೆಯಬೇಡಿ. ಆತಂಕ ಎಲ್ಲವೂ ಮನಸ್ಸಿನ ಆಟ ಅಲ್ಲ. ಕೆಲವು ನಿಜವಾಗಿ ಕಟ್ಟಬೇಕಾದ ಕಂತು, ಕೆಲವು ನಿಜವಾಗಿ ಕಾಟ ಕೊಡುವ ಮನುಷ್ಯ. ಒಂಟೆಯನ್ನು ಕಟ್ಟಿ ಭರವಸೆ ಇಡಲೇ, ಬಿಟ್ಟು ಭರವಸೆ ಇಡಲೇ ಎಂದು ಕೇಳಿದವರಿಗೆ ಪ್ರವಾದಿಯವರು "ಕಟ್ಟಿ, ಆಮೇಲೆ ಭರವಸೆ ಇಡಿ" ಅಂದರು. ತಿರ್ಮಿಝಿ ಹದೀಸ್ ಸಂಗ್ರಹದಲ್ಲಿರುವ ಮಾತು. ತವಕ್ಕುಲ್ (ಅಲ್ಲಾಹನ ಮೇಲೆ ಭರವಸೆ) ಅಂದರೆ ಇದೇ. ಹಾಗಾಗಿ ಪಟ್ಟಿಯ ಪ್ರತಿ ಸಾಲಿನ ಮುಂದೆ 'ಹಗ್ಗ' ಎಂದು ಬರೆದು, ಇವತ್ತು ಕಟ್ಟಬಹುದಾದ ಒಂದೇ ಗಂಟನ್ನು ಗುರುತು ಮಾಡಿ. ಒಂದು ಫೋನ್, ಒಂದು ಅರ್ಜಿ, ಒಂದು ಭೇಟಿ. ಹಗ್ಗವೇ ಇಲ್ಲದ ಸಾಲುಗಳಿಗೆ "ಹಸ್ಬುನಲ್ಲಾಹು ವ ನಿಅಮಲ್ ವಕೀಲ್" ಎಂದು ಹೇಳಿ: ನಮಗೆ ಅಲ್ಲಾಹನು ಸಾಕು, ಅವನೇ ಒಳ್ಳೆಯ ಕಾರ್ಯಸಾಧಕ. ಬೆಂಕಿಗೆ ಎಸೆಯಲ್ಪಟ್ಟಾಗ ಪ್ರವಾದಿ ಇಬ್ರಾಹೀಮ್ (ಅ) ಹೇಳಿದ ಮಾತು ಅದು.

ಮಲಗುವ ಮುಂಚೆ

ಬೀಸುಕಲ್ಲು ತಿರುಗಿಸಿ ತಿರುಗಿಸಿ ಪ್ರವಾದಿಯವರ ಮಗಳು ಫಾತಿಮಾರ ಕೈ ನೋಯುತ್ತಿತ್ತು. ಕೆಲಸಕ್ಕೆ ಒಬ್ಬ ಆಳು ಸಿಗಬಹುದೇ ಎಂದು ತಂದೆಯ ಮನೆಗೆ ಹೋದರು, ಅವರು ಸಿಗಲಿಲ್ಲ. ರಾತ್ರಿ ಮಗಳೂ ಅಳಿಯ ಅಲಿಯವರೂ ಮಲಗಿದ ಮೇಲೆ ತಂದೆಯೇ ಬಂದರು. ಆಳಿಗಿಂತ ಒಳ್ಳೆಯದೊಂದನ್ನು ಹೇಳಿಕೊಡುತ್ತೇನೆ ಎಂದರು. ಮಲಗುವಾಗ 33 ಸಲ ಸುಬ್‌ಹಾನಲ್ಲಾಹ್, 33 ಸಲ ಅಲ್‌ಹಮ್ದುಲಿಲ್ಲಾಹ್, 34 ಸಲ ಅಲ್ಲಾಹು ಅಕ್ಬರ್. ಅಲಿಯವರು ಅದನ್ನು ಒಂದು ರಾತ್ರಿಯೂ ಬಿಡಲಿಲ್ಲವಂತೆ. ಸಿಫ್ಫೀನ್ ಯುದ್ಧದ ರಾತ್ರಿಯೂ ಬಿಡಲಿಲ್ಲವೇ ಎಂದು ಯಾರೋ ಕೇಳಿದರು. "ಆ ರಾತ್ರಿಯೂ ಬಿಟ್ಟಿಲ್ಲ" ಅಂದರು.

ಬೆರಳಲ್ಲೇ ಎಣಿಸಿ. ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ. ಆಮೇಲೆ ಕೊನೆಯ ಮೂರು ಸೂರಾ (112, 113, 114) ಓದಿ, ಅಂಗೈಗೆ ಊದಿ, ತಲೆಯಿಂದ ಶುರು ಮಾಡಿ ಮೈಮೇಲೆ ಸವರಿಕೊಳ್ಳಿ, ಮೂರು ಸಲ. ಪ್ರವಾದಿಯವರು ಪ್ರತಿ ರಾತ್ರಿ ಹಾಗೆ ಮಾಡುತ್ತಿದ್ದರು ಎಂದು ಅವರ ಪತ್ನಿ ಆಯಿಶಾ ಹೇಳಿದ್ದಾರೆ. ನಿದ್ದೆ ಬರಲೇಬೇಕು ಅಂತ ಹಠ ಹಿಡಿಯಬೇಡಿ.

ಇಬಾದತ್ತೇ (ಆರಾಧನೆಯೇ) ಭಯವಾದರೆ

ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಕೆಲವರಿಗೆ ಆತಂಕ ವುಝೂ ಒಳಗೇ ನುಗ್ಗುತ್ತದೆ. ಕೈ ತೊಳೆದದ್ದು ಸರಿಯಾಯಿತೋ ಇಲ್ಲವೋ, ಮತ್ತೊಮ್ಮೆ, ಇನ್ನೊಮ್ಮೆ. ನಮಾಝ್ ಕೂಡಿತೋ ಇಲ್ಲವೋ, ಮತ್ತೆ ಶುರು. ಇದನ್ನು ವಸ್ವಾಸ್ ಅನ್ನುತ್ತಾರೆ. ಖಚಿತವಾದದ್ದು ಬರೀ ಸಂಶಯದಿಂದ ಅಳಿಯುವುದಿಲ್ಲ ಎಂಬುದು ಇಸ್ಲಾಮೀ ಧರ್ಮಶಾಸ್ತ್ರವಾದ ಫಿಕ್‌ಹ್‌ನ ದೊಡ್ಡ ನಿಯಮಗಳಲ್ಲೊಂದು. ಒಮ್ಮೆ ಮಾಡಿದರೆ ಮುಗಿಯಿತು, ಸಂಶಯಕ್ಕೆ ಉತ್ತರ ಕೊಡಲು ಹೋಗಬೇಡಿ. ಹಾಗೆ ಬಿಡಲು ಆಗುತ್ತಲೇ ಇಲ್ಲ ಅಂದರೆ ಇನ್ನಷ್ಟು ಇಬಾದತ್ ಅದಕ್ಕೆ ಮದ್ದಲ್ಲ. ಮನೋವೈದ್ಯರನ್ನು ಕಾಣಿ.

ವಾರಗಟ್ಟಲೆ ನಿದ್ದೆ, ಊಟ ಕೆಟ್ಟರೆ, ಕೆಲಸಕ್ಕೆ ಹೋಗಲು ಆಗದಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದ ಹಾಗೆ ಆಗುತ್ತಿದ್ದರೆ ಕೂಡ ಅದೇ ಮಾತು. ಬದುಕುವುದೇ ಬೇಡ ಅನ್ನಿಸಿದರೆ ಅದೇ ದಿನ ಮನೆಯವರೊಬ್ಬರಿಗೆ ಹೇಳಿ, ಒಬ್ಬರೇ ಇರಬೇಡಿ, ಆಸ್ಪತ್ರೆಗೆ ಹೋಗಿ. ಇದರಲ್ಲಿ ಧರ್ಮಕ್ಕೆ ಎದುರಾದದ್ದು ಏನೂ ಇಲ್ಲ. ಮದ್ದಿಲ್ಲದ ರೋಗವನ್ನು ಅಲ್ಲಾಹನು ಇಳಿಸಿಲ್ಲ ಎಂಬುದು ಬುಖಾರಿಯ ಹದೀಸ್. 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್‌ಬಲ್ಖಿ ಎಂಬ ವಿದ್ವಾಂಸರು ಮೈಯ ಕಾಯಿಲೆಗಳ ಜೊತೆ ಮನಸ್ಸಿನ ಕಾಯಿಲೆಗಳನ್ನೂ ಸೇರಿಸಿ ಪುಸ್ತಕ ಬರೆದರು. ಭಯ, ದುಃಖ, ಸಿಟ್ಟು, ಬಿಡದೆ ಕಾಡುವ ಯೋಚನೆ, ಎಲ್ಲಕ್ಕೂ ಬೇರೆ ಬೇರೆ ಅಧ್ಯಾಯ. ಆ ಕಾಲದಲ್ಲೇ!

ಮಾತ್ರೆ ಶುರುವಾಗಿದ್ದರೆ ದುಆದ ಜೊತೆಗೇ ತೆಗೆದುಕೊಳ್ಳಿ, ಸ್ವಲ್ಪ ಹಗುರ ಅನ್ನಿಸಿತು ಅಂತ ನೀವಾಗಿ ನಿಲ್ಲಿಸಬೇಡಿ. ರಮಝಾನ್‌ಗೆ ಒಂದು ತಿಂಗಳು ಮುಂಚೆಯೇ ಡಾಕ್ಟರ ಹತ್ತಿರ ಹೋಗಿ, ಸಹ್ರಿ (ಬೆಳಗಿನ ಜಾವದ ಊಟ) ಮತ್ತು ಇಫ್ತಾರ್ (ಉಪವಾಸ ಬಿಡುವುದು) ಹೊತ್ತಿಗೆ ಹೊಂದಿಸಬಹುದೇ ಕೇಳಿ. ಆಗುವುದಿಲ್ಲ ಅಂದರೆ ಕಾಯಿಲೆಯವರು ಉಪವಾಸ ಬಿಟ್ಟು ಬೇರೆ ದಿನಗಳಲ್ಲಿ ಎಣಿಕೆ ತುಂಬಿಸಬಹುದು ಎಂಬ ರಿಯಾಯಿತಿ 2:185ರಲ್ಲಿ ಇದೆ. ಆ ವಚನವನ್ನೂ ಒಮ್ಮೆ ಅರ್ಥದ ಜೊತೆ ಓದಿ. "ಅಲ್ಲಾಹನು ನಿಮಗೆ ಸುಲಭವನ್ನು ಬಯಸುತ್ತಾನೆ" ಎಂಬ ಮಾತು ಬರುವುದು ಅಲ್ಲೇ.