ಕನ್ನಡ ಫೈಲು ಕಲಸಿಹೋಗಿದೆಯೇ? ಸದ್ಯಕ್ಕೆ ಸೇವ್ ಒತ್ತಬೇಡಿ

ಟೆಕ್ಸ್ಟ್ ಎಡಿಟರ್‌ನಲ್ಲಿ ಕನ್ನಡದ ಫೈಲು ತೆರೆದಾಗ ಅಕ್ಷರಗಳ ಜಾಗದಲ್ಲಿ ಏನೇನೋ ಕಂಡರೆ ಬಹಳ ಮಂದಿ ಮೊದಲು ಫಾಂಟ್ ಬದಲಿಸಿ ನೋಡುತ್ತಾರೆ. ಆಮೇಲೆ ಕೈ ತಾನಾಗಿ ಕಂಟ್ರೋಲ್-ಎಸ್ ಒತ್ತುತ್ತದೆ. ಫಾಂಟ್ ಬದಲಿಸಿದ್ದರಿಂದ ನಷ್ಟವೇನಿಲ್ಲ. ಫೈಲು ಹಾಳಾಗುವುದು ಆ ಸೇವ್‌ನಿಂದ.

1. ಫೈಲಿನ ಒಂದು ಪ್ರತಿ ತೆಗೆದು ಬೇರೆ ಫೋಲ್ಡರಿನಲ್ಲಿಡಿ.

2. ಕೆಟ್ಟಿರುವುದು ಯಾವ ಬಗೆಯಲ್ಲಿ ಎಂದು ಕಣ್ಣಿಟ್ಟು ನೋಡಿ. ಬರೀ ಖಾಲಿ ಚೌಕಗಳಿದ್ದರೆ ಫಾಂಟಿನದೇ ಕೊರತೆ. ನೋಟೊ ಸಾನ್ಸ್ ಕನ್ನಡ ಎಂಬ ಫಾಂಟ್ ಹಾಕಿಕೊಳ್ಳಿ, ಮುಗಿಯಿತು. ಪ್ರಶ್ನಾರ್ಥಕ ಚಿಹ್ನೆಗಳ ಸಾಲೇ ಇದ್ದರೆ ಯಾರೋ ಅದನ್ನು ಆನ್ಸಿ (ಕನ್ನಡಕ್ಕೆ ಜಾಗವಿಲ್ಲದ ಹಳೆಯ ಸಂಕೇತ ಪದ್ಧತಿ) ರೂಪದಲ್ಲಿ ಸೇವ್ ಮಾಡಿದ್ದಾರೆ, ಅಕ್ಷರಗಳು ಹೋಗಿಯೇಬಿಟ್ಟಿವೆ. 2019ಕ್ಕೆ ಮುಂಚಿನ ವಿಂಡೋಸ್ ನೋಟ್‌ಪ್ಯಾಡ್ ತಾನಾಗಿ ಆರಿಸಿಕೊಳ್ಳುತ್ತಿದ್ದುದು ಅದನ್ನೇ. ಎಚ್ಚರಿಕೆ ಕೊಡುತ್ತಿತ್ತು ನಿಜ, ಓದದೆ ಓಕೆ ಒತ್ತುವವರು ನಾವು. ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಅರ್ಥವಿಲ್ಲದೆ ಬೆರೆತಿದ್ದರೆ ಅದು ಯೂನಿಕೋಡ್‌ಗೆ (ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಪದ್ಧತಿಗೆ) ಮುಂಚಿನ 'ನುಡಿ' ಅಥವಾ 'ಬರಹ' ಫಾಂಟಿನ ಫೈಲಿರಬಹುದು. ಅದಕ್ಕೆ ಪ್ರತ್ಯೇಕ ಪರಿವರ್ತಕ ಬೇಕು.

ಇನ್ನೊಂದು ಬಗೆಯೇ ಹೆಚ್ಚು ಕಾಡುವುದು: ತಲೆಯ ಮೇಲೆ ಓರೆಗೀಟಿರುವ ಇಂಗ್ಲಿಷ್ ಎ, ಅದರ ಪಕ್ಕ ಮೇಲಕ್ಕೆ ಅಂಟಿದ ಪುಟ್ಟ 2 ಅಥವಾ 3, ಮತ್ತೆ ಅದೇ ಎ. ಇದು ಕಂಡರೆ ಸಮಾಧಾನಪಡಿ, ಫೈಲು ನೆಟ್ಟಗಿದೆ, ಎಡಿಟರ್ ತಪ್ಪಾಗಿ ಓದುತ್ತಿದೆ ಅಷ್ಟೆ. 'ಕನ್ನಡ' ಎಂಬ ಪದ ಕಣ್ಣಿಗೆ ಮೂರಕ್ಷರ. ಒಳಗೆ ಅದು ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ ಎಂದು ಐದು ಸಂಕೇತ. ಈ ಸಂಕೇತಗಳನ್ನು ಬೈಟುಗಳಾಗಿ ಬರೆದಿಡುವ ಪದ್ಧತಿಗೆ ಎನ್‌ಕೋಡಿಂಗ್ ಎನ್ನುತ್ತಾರೆ. ಅಂಥದ್ದೊಂದಾದ ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟು, ಒಟ್ಟು 15. ಎಲ್ಲ ಕನ್ನಡ ಸಂಕೇತಗಳಿಗೂ ಮೊದಲ ಬೈಟು ಒಂದೇ, ಎರಡನೆಯದು ಎರಡರಲ್ಲೊಂದು. ಎಡಿಟರ್ ಬೈಟಿಗೊಂದು ಅಕ್ಷರ ಎಂದುಕೊಂಡು ಓದಿದಾಗ ಮೊದಲ ಬೈಟು ಆ ಎ ಆಗುತ್ತದೆ, ಎರಡನೆಯದು ಪುಟ್ಟ 2 ಅಥವಾ 3.

3. ಈ ಕೊನೆಯ ಬಗೆಯಾದರೆ ಫೈಲನ್ನು ಯುಟಿಎಫ್-8 ಎಂದೇ ಓದಿಸಬೇಕು. ಎಡವುವುದು ಇಲ್ಲೇ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ 'ಎನ್‌ಕೋಡಿಂಗ್' ಮೆನುವಿನಲ್ಲಿ ಯುಟಿಎಫ್-8 ಎರಡು ಕಡೆ ಇದೆ. ಮೇಲಿನದು 'ಹಾಗೆಂದು ಓದು' ಎನ್ನುತ್ತದೆ, ಕೆಳಗಿನ 'ಕನ್ವರ್ಟ್ ಟು' ಎನ್ನುವುದು 'ಈಗ ಕಾಣುತ್ತಿರುವುದನ್ನೇ ಹಾಗೆ ಬದಲಿಸು' ಎನ್ನುತ್ತದೆ. ನಿಮಗೆ ಬೇಕಾದದ್ದು ಮೇಲಿನದು. ವಿಎಸ್ ಕೋಡ್‌ನಲ್ಲಾದರೆ ಕೆಳಗಿನ ಪಟ್ಟಿಯ ಬಲಭಾಗದಲ್ಲಿರುವ ಎನ್‌ಕೋಡಿಂಗ್ ಹೆಸರನ್ನು ಒತ್ತಿ 'ರೀಓಪನ್ ವಿತ್ ಎನ್‌ಕೋಡಿಂಗ್' ಆರಿಸಿ. ಪಕ್ಕದ 'ಸೇವ್ ವಿತ್' ಮುಟ್ಟಬೇಡಿ.

ಕನ್ವರ್ಟ್ ಒತ್ತಿ ಸೇವ್ ಮಾಡಿದರೆ ಆ ಓರೆಗೀಟಿನ ಎ ನಿಜವಾದ ಅಕ್ಷರವಾಗಿ ಫೈಲಿನೊಳಗೆ ಕೂತುಬಿಡುತ್ತದೆ. ಪರಿಚಿತರೊಬ್ಬರು ಬೇಸತ್ತು ಮೂರು ಸಲ ಹೀಗೆ ಮಾಡಿ ಫೈಲು ಕಳಿಸಿದ್ದರು. ಪ್ರತಿ ಸಲವೂ ಗಾತ್ರ ಹೆಚ್ಚುಕಡಿಮೆ ದುಪ್ಪಟ್ಟಾಗಿತ್ತು, ನನಗೆ ಗುಟ್ಟು ಗೊತ್ತಾದದ್ದೇ ಅದರಿಂದ. ಹಳೆಯ ಪ್ರತಿ ಮೇಲ್‌ನಲ್ಲಿ ಉಳಿದಿತ್ತು, ಬದುಕಿದೆವು. 'ಒಂದೇ ಕ್ಲಿಕ್ಕಿನಲ್ಲಿ ಅಕ್ಷರ ಸರಿಪಡಿಸುತ್ತೇವೆ' ಎನ್ನುವ ಜಾಲತಾಣಗಳಿಗೆ ಇಂಥ ಫೈಲು ಹಾಕಲೇಬೇಡಿ. ಖಾಸಗಿ ಬರಹ ಯಾರ ಕೈಗೆ ಹೋಗುತ್ತದೋ ಯಾರಿಗೆ ಗೊತ್ತು.

4. ಅಕ್ಷರ ಸರಿಯಾಗಿ ಕಂಡ ಮೇಲಷ್ಟೇ ಸೇವ್ ಮಾಡಿ. ಬಿಒಎಂ (ಫೈಲಿನ ಆರಂಭದಲ್ಲಿ ಕೂರುವ, ಕಣ್ಣಿಗೆ ಕಾಣದ ಗುರುತು) ಇಲ್ಲದ ಯುಟಿಎಫ್-8 ಸಾಕು. ಬಿಒಎಂ ಇಟ್ಟರೆ ಲಿನಕ್ಸ್ ಸ್ಕ್ರಿಪ್ಟ್‌ಗಳು ಮೊದಲ ಸಾಲಿನಲ್ಲೇ ಮುಗ್ಗರಿಸುತ್ತವೆ. ಟರ್ಮಿನಲ್‌ನೊಳಗಿನ ಎಡಿಟರ್‌ನಲ್ಲಿ ಒತ್ತಕ್ಷರ ಮಾತ್ರ ಚೆಲ್ಲಾಪಿಲ್ಲಿಯಾದರೆ ಫೈಲನ್ನು ಬೈಯಬೇಡಿ, ಟರ್ಮಿನಲ್ ಬದಲಿಸಿ.

5. ಇನ್ನು ಫೈಲೇ ಕಾಣುತ್ತಿಲ್ಲ ಎನ್ನುವವರು. ಓಪನ್ ಕಿಟಕಿಯಲ್ಲಿ ಹೆಸರಿನ ಪೆಟ್ಟಿಗೆಯ ಪಕ್ಕ 'ಟೆಕ್ಸ್ಟ್ ಡಾಕ್ಯುಮೆಂಟ್ಸ್' ಎಂದಿದ್ದರೆ 'ಆಲ್ ಫೈಲ್ಸ್' ಮಾಡಿ. ವಿಂಡೋಸ್‌ನಲ್ಲಿ ಫೈಲ್ ಎಕ್ಸ್‌ಟೆನ್ಷನ್ ತೋರಿಸುವ ಆಯ್ಕೆಯನ್ನು ಇವತ್ತೇ ಆನ್ ಮಾಡಿ. ಹೆಸರಿನ ಕೊನೆಗೆ ಡಾಟ್ ಟಿಎಕ್ಸ್‌ಟಿ ಎರಡೆರಡು ಸಲ ಅಂಟಿಕೊಂಡಿರುವುದು ಆಗ ಕಾಣುತ್ತದೆ. ವಿಎಸ್ ಕೋಡ್‌ನ ಪಕ್ಕದ ಪಟ್ಟಿ ಖಾಲಿಯಿದ್ದರೆ ನೀವು ತೆರೆದಿರುವುದು ಒಂಟಿ ಫೈಲು, 'ಓಪನ್ ಫೋಲ್ಡರ್' ಮಾಡಿ. ಫೋಲ್ಡರ್ ತೆರೆದರೂ ಕೆಲವು ಫೈಲು ಮಾತ್ರ ಮಾಯವಾಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ 'ಫೈಲ್ಸ್ ಎಕ್ಸ್‌ಕ್ಲೂಡ್' ಹುಡುಕಿ. ಯಾವತ್ತೋ ನೀವೇ ಸೇರಿಸಿ ಮರೆತ ಸಾಲೊಂದು ಅಲ್ಲಿ ಕೂತಿರಬಹುದು.