ಫ್ಯೂಚುರಾದಲ್ಲಿ ಅಕ್ಷರ ಕೂರಿಸುವ ಬಗೆ

ಫ್ಯೂಚುರಾ ಎಂಬ ಇಂಗ್ಲಿಷ್ ಫಾಂಟ್ ಕೈವಾರ, ಸ್ಕೇಲು ಹಿಡಿದು ಬರೆದ ಅಕ್ಷರದಂತೆ ಕಾಣುತ್ತದೆ. ಆದರೆ ಅದು ಕಣ್ಣಳತೆಯಲ್ಲಿ ತಿದ್ದಿದ್ದು. ಪಾಲ್ ರೆನ್ನರ್ ರೂಪಿಸಿದ ಇದನ್ನು ಫ್ರಾಂಕ್‌ಫರ್ಟಿನ ಬಾವರ್ ಅಚ್ಚುಮೊಳೆ ಕಾರ್ಖಾನೆ 1927ರಲ್ಲಿ ಹೊರತಂದಿತು. (ರೆನ್ನರ್ ಜರ್ಮನಿಯ ಕಲಾಶಾಲೆ ಬೌಹೌಸ್‌ನ ಮೇಷ್ಟ್ರು ಅನ್ನುವುದು ತಪ್ಪು ತಿಳಿವಳಿಕೆ.) ಸಣ್ಣ ‘ಬಿ’, ‘ಡಿ’ಗಳ ಹೊಟ್ಟೆ ಕಂಬಕ್ಕೆ ಸೇರುವಲ್ಲಿ ಗೆರೆ ತೆಳುವಾಗುತ್ತದೆ. ಎಲ್ಲ ಕಡೆ ಒಂದೇ ದಪ್ಪ ಇಟ್ಟಿದ್ದರೆ ಆ ಸಂದಿ ಮಸಿ ಗಂಟು ಕಟ್ಟಿದಂತೆ ಕಾಣುತ್ತಿತ್ತು. ಅದಕ್ಕೇ ಈ ಅಕ್ಷರವನ್ನು ಎಳೆದು ಅಗಲ ಮಾಡಬೇಡಿ, ಔಟ್‌ಲೈನ್ ಕೊಟ್ಟು ದಪ್ಪ ಮಾಡಬೇಡಿ. ದಪ್ಪ ಬೇಕಿದ್ದರೆ ಮೀಡಿಯಂ, ಬೋಲ್ಡ್ ಪ್ರತ್ಯೇಕವಾಗಿಯೇ ಸಿಗುತ್ತವೆ.

ಇದರ ನಿಜವಾದ ಚೆಲುವು ಕ್ಯಾಪಿಟಲ್ ಅಕ್ಷರಗಳಲ್ಲಿದೆ. 1969ರಲ್ಲಿ ಅಪೊಲೊ 11 ಚಂದ್ರನ ಮೇಲೆ ಬಿಟ್ಟುಬಂದ ಫಲಕದಲ್ಲಿರುವುದೂ ಅವೇ. ಶೀರ್ಷಿಕೆಗೆ ಪೂರ್ತಿ ಕ್ಯಾಪಿಟಲ್ ಬಳಸಿದರೆ ಪುಟವಿನ್ಯಾಸದ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಟ್ರ್ಯಾಕಿಂಗ್ (ಎಲ್ಲ ಅಕ್ಷರಗಳ ನಡುವಿನ ಅಂತರ) 50ರಿಂದ 100 ಕೊಡಿ. ಆಮೇಲೆ ‘ಎ–ವಿ’, ‘ಎಲ್–ಟಿ’ ಜೋಡಿಗಳ ನಡುವಿನ ಕಂದಕವನ್ನು ಕೈಯಾರೆ ಕರ್ನಿಂಗ್ ಮಾಡಿ, ಅಂದರೆ ಆ ಜೋಡಿಯನ್ನಷ್ಟೇ ಹತ್ತಿರ ತಂದು, ಮುಚ್ಚಿ.

ಓದುವ ಪಠ್ಯಕ್ಕೆ ಮಾತ್ರ ಎಚ್ಚರ. ಸ್ಮಾಲ್ ಲೆಟರ್‌ಗಳ ಮೈ ಗಿಡ್ಡ. ಹೆಲ್ವೆಟಿಕಾ ಫಾಂಟಿನಲ್ಲಿ 10 ಪಾಯಿಂಟ್ ಸಾಕಾದ ಕಡೆ ಇಲ್ಲಿ 11.5–12 ಬೇಕಾಗುತ್ತದೆ. ಸ್ಮಾಲ್ ‘ಎ’ ಬರೀ ಉಂಡೆ ಮತ್ತು ಕಡ್ಡಿ, ದೂರದಿಂದ ‘ಓ’ ಅನ್ನಿಸುತ್ತದೆ. ಕ್ಯಾಪಿಟಲ್ ‘ಐ’, ಸ್ಮಾಲ್ ‘ಎಲ್’ ಎರಡೂ ಬರೀ ಕಡ್ಡಿಗಳು. ಪಾಸ್‌ವರ್ಡ್, ಸೀರಿಯಲ್ ನಂಬರ್, ಔಷಧದ ಲೇಬಲ್ಲಿಗೆ ಬೇರೆ ಫಾಂಟ್ ನೋಡಿಕೊಳ್ಳಿ. ಎರಡು ಪ್ಯಾರಾಕ್ಕಿಂತ ಉದ್ದದ ಬರಹಕ್ಕೂ ಅಷ್ಟೇ.

ಕನ್ನಡದ ಜೊತೆ ಕೂರಿಸುವಾಗ ಮೊದಲು ಕನ್ನಡದ ಅಳತೆ, ಲೀಡಿಂಗ್ (ಸಾಲುಗಳ ನಡುವಿನ ಅಂತರ) ನಿಗದಿ ಮಾಡಿ. ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕಲ್ಲ! ‘ಗ’ ಅಕ್ಷರದ ಎತ್ತರಕ್ಕೆ ಇಂಗ್ಲಿಷಿನ ಸ್ಮಾಲ್ ಲೆಟರ್ ಸರಿಸುಮಾರು ಹೊಂದುವ ತನಕ ಫ್ಯೂಚುರಾವನ್ನು ಹಿಗ್ಗಿಸಿ. ಟ್ರ್ಯಾಕಿಂಗ್ ಇಂಗ್ಲಿಷಿಗಷ್ಟೇ ಇರಲಿ. ಕನ್ನಡಕ್ಕೂ ಕೊಟ್ಟರೆ ಪದಗಳು ಚೆದುರಿಹೋಗುತ್ತವೆ. ಲೈಸೆನ್ಸಿಗೆ ದುಡ್ಡಿಲ್ಲದಿದ್ದರೆ ಗೂಗಲ್ ಫಾಂಟ್ಸ್‌ನ ಜೋಸ್ಟ್ ಇದೇ ಜಾಯಮಾನದ್ದು, ಉಚಿತ.

ಬೋರ್ಡಿಗೆ ವಿನೈಲ್ ಸ್ಟಿಕ್ಕರ್ ಕತ್ತರಿಸುವುದಾದರೆ ಮೀಡಿಯಂ ಬೇಡ. ಅದರ ಕ್ಯಾಪಿಟಲ್ ‘ಎ’, ‘ಎಂ’, ‘ಎನ್’ಗಳ ತುದಿ ಸೂಜಿಯಷ್ಟು ಚೂಪು, ಅಲ್ಲಿಂದಲೇ ಸ್ಟಿಕ್ಕರ್ ಏಳುತ್ತದೆ. ಬೋಲ್ಡ್‌ನಲ್ಲಿ ತುದಿ ಚಪ್ಪಟೆ.